ಒಂಬತ್ತು ಪಟ್ಟು ದೊಡ್ಡ ಆರ್ಥಿಕತೆ, ಆದರೂ ಅದೇ 130ನೇ ಸ್ಥಾನ: ಭಾರತ–ಬಾಂಗ್ಲಾದೇಶ ಹೋಲಿಕೆ ಹೇಳುವುದೇನು?

2025ರ ಮೇ ತಿಂಗಳಲ್ಲಿ ಮೂರು ವಾರಗಳ ಅಂತರದಲ್ಲಿ ಎರಡು ಸುದ್ದಿಗಳು ಬಂದವು. ಮೊದಲನೆಯದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಪ್ರಕಟಿಸಿದ ಮಾನವ ಅಭಿವೃದ್ಧಿ ವರದಿ. 193 ದೇಶಗಳ ಆ ಪಟ್ಟಿಯಲ್ಲಿ ಭಾರತ 130ನೆಯದು. ಅದೇ 130ರಲ್ಲಿ ಬಾಂಗ್ಲಾದೇಶವೂ ಇತ್ತು. ಎರಡೂ ದೇಶಗಳಿಗೆ ಸಿಕ್ಕ ಅಂಕ 0.685. ಎರಡನೆಯದು ನೀತಿ ಆಯೋಗದ ಸಿಇಒ ಬಿ.ವಿ.ಆರ್. ಸುಬ್ರಹ್ಮಣ್ಯಂ ಅವರ ಹೇಳಿಕೆ. ಜಪಾನನ್ನು ಹಿಂದಿಕ್ಕಿ ಭಾರತ ಜಗತ್ತಿನ ನಾಲ್ಕನೇ ಅತಿದೊಡ್ಡ ಆರ್ಥಿಕತೆಯಾಗಿದೆ ಎಂದು ಅವರು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅಂಕಿಗಳನ್ನು ಮುಂದಿಟ್ಟು ಹೇಳಿದರು.

ಎರಡನ್ನೂ ಓದಿದವರಿಗೆ ಗೊಂದಲವಾದದ್ದು ಸಹಜ. ಬಾಂಗ್ಲಾದೇಶದ ಆರ್ಥಿಕತೆ ನಮ್ಮದರ ಸುಮಾರು ಒಂಬತ್ತನೇ ಒಂದು ಭಾಗದಷ್ಟು. ಹಾಗಿದ್ದೂ ಅಲ್ಲಿನ ಜನರ ಬದುಕು ನಮ್ಮದಕ್ಕೆ ಸರಿಸಮ ಎಂದರೆ ಎರಡರಲ್ಲಿ ಒಂದು ಲೆಕ್ಕ ತಪ್ಪಿರಬೇಕು ಎಂದು ಅನೇಕರಿಗೆ ಅನ್ನಿಸಿತು. ಎರಡೂ ತಪ್ಪಲ್ಲ. ಒಂದು ಲೆಕ್ಕ ದೇಶದ ಗಾತ್ರವನ್ನು ಅಳೆಯುತ್ತದೆ, ಇನ್ನೊಂದು ಆ ದೇಶದಲ್ಲಿ ಬದುಕುವ ಒಬ್ಬರ ಪಾಲಿಗೆ ಬಂದದ್ದನ್ನು. ಭಾರತದ ಜನಸಂಖ್ಯೆ 146 ಕೋಟಿಯ ಆಸುಪಾಸಿನಲ್ಲಿದೆ, ಬಾಂಗ್ಲಾದೇಶದ್ದು 17 ಕೋಟಿಗಿಂತ ತುಸು ಹೆಚ್ಚು. ಒಂಬತ್ತು ಪಟ್ಟು ದೊಡ್ಡ ಆರ್ಥಿಕತೆಯನ್ನು ಎಂಟು ಪಟ್ಟು ಹೆಚ್ಚು ಜನ ಹಂಚಿಕೊಂಡಾಗ ತಲೆಗೆ ಬರುವ ಪಾಲಿನಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ.

ಇಲ್ಲಿಗೆ ಅರ್ಧ ಉತ್ತರ ಸಿಕ್ಕಂತಾಯಿತು. ಇನ್ನರ್ಧ ಹೆಚ್ಚು ಮುಖ್ಯವಾದದ್ದು. 1971ರಲ್ಲಿ ಯುದ್ಧದ ಬೂದಿಯಿಂದ ಎದ್ದ, 1974ರಲ್ಲಿ ಬರಗಾಲಕ್ಕೆ ಸಿಕ್ಕ ದೇಶ ಮುಂದೆ ಹಲವು ದಶಕ ನಮಗಿಂತ ಬಡವಾಗಿಯೇ ಇದ್ದುಕೊಂಡು ಆಯಸ್ಸಿನಲ್ಲಿ, ಮಕ್ಕಳ ಬೆಳವಣಿಗೆಯಲ್ಲಿ ನಮ್ಮನ್ನು ದಾಟಿ ಹೋದದ್ದು ಹೇಗೆ? ದಾಟಿದ ಮೇಲೆ ಕೆಲವು ವಿಷಯಗಳಲ್ಲಿ ಅಲ್ಲೇ ನಿಂತದ್ದೇಕೆ?

0.685 ಬಂದದ್ದು ಹೇಗೆ

ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಅಮರ್ತ್ಯ ಸೇನ್ ಅವರ ನೆರವಿನೊಂದಿಗೆ 1990ರಲ್ಲಿ ಈ ಮಾನವ ಅಭಿವೃದ್ಧಿ ಸೂಚ್ಯಂಕ ಶುರುವಾಯಿತು. ಜಿಡಿಪಿಯೊಂದರಿಂದಲೇ ದೇಶಗಳನ್ನು ಅಳೆಯುವ ಅಭ್ಯಾಸಕ್ಕೆ ಎದುರಾಗಿ ಹುಟ್ಟಿದ್ದು ಇದು. ಆರೋಗ್ಯ, ಶಿಕ್ಷಣ, ಆದಾಯ ಎಂಬ ಮೂರು ಅಂಶಗಳನ್ನು 0ಯಿಂದ 1ರವರೆಗಿನ ಅಳತೆಗೆ ತಂದು, ಮೂರನ್ನೂ ಗುಣಿಸಿ ಘನಮೂಲ ತೆಗೆಯುತ್ತಾರೆ. ಕೂಡಿಸಿ ಭಾಗಿಸುವ ಬದಲು ಗುಣಿಸುವುದಕ್ಕೆ ಕಾರಣವಿದೆ: ಒಂದರಲ್ಲಿ ತೀರಾ ಹಿಂದುಳಿದರೆ ಇನ್ನೊಂದರ ಹೆಚ್ಚುಗಾರಿಕೆ ಅದನ್ನು ಸುಲಭವಾಗಿ ಮುಚ್ಚಿಹಾಕಬಾರದು.

2025ರ ವರದಿ ಬಳಸಿದ್ದು 2023ರ ಅಂಕಿಗಳನ್ನು. ಭಾರತದ ನಿರೀಕ್ಷಿತ ಜೀವಿತಾವಧಿ 72 ವರ್ಷ, ಬಾಂಗ್ಲಾದೇಶದ್ದು 74.7. ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದಬಹುದು ಎಂಬ ಲೆಕ್ಕದಲ್ಲಿ ಭಾರತ 13, ಬಾಂಗ್ಲಾದೇಶ 12.3. ವಯಸ್ಕರು ಸರಾಸರಿ ಓದಿದ ವರ್ಷಗಳು 6.9 ಮತ್ತು 6.8. ಕೊಳ್ಳುವ ಶಕ್ತಿಗೆ, ಅಂದರೆ ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ತಲಾ ಆದಾಯ ಭಾರತದಲ್ಲಿ ಸುಮಾರು 9,050 ಡಾಲರ್, ಬಾಂಗ್ಲಾದೇಶದಲ್ಲಿ ಸುಮಾರು 8,500. ಓದಿನಲ್ಲಿ ಮತ್ತು ಆದಾಯದಲ್ಲಿ ನಮಗಿರುವ ಸಣ್ಣ ಮುನ್ನಡೆಯನ್ನು ಆಯಸ್ಸಿನಲ್ಲಿ ಅವರಿಗಿರುವ ದೊಡ್ಡ ಮುನ್ನಡೆ ಸರಿದೂಗಿಸಿದೆ. ಅಂಕ ಒಂದೇ ಆದರೂ ಅದು ಕೂಡಿಬಂದ ಬಗೆ ಬೇರೆ ಬೇರೆ.

ಆದಾಯವನ್ನು ಇಲ್ಲಿ ನೇರವಾಗಿ ಹಾಕದೆ ಲಾಗರಿದಮ್ ತೆಗೆದು ಹಾಕುತ್ತಾರೆ. ಸಾವಿರ ಡಾಲರ್ ಇರುವವರಿಗೆ ಇನ್ನೊಂದು ಸಾವಿರ ಸೇರಿದರೆ ಬದುಕೇ ಬದಲಾಗುತ್ತದೆ, ಐವತ್ತು ಸಾವಿರ ಇರುವವರಿಗೆ ಅಷ್ಟು ಬದಲಾಗುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಹಾಗಾಗಿ ಆದಾಯ ಏರಿದಷ್ಟೇ ವೇಗದಲ್ಲಿ ಸೂಚ್ಯಂಕ ಏರುವುದಿಲ್ಲ. ಜಿಡಿಪಿ ಬೆಳವಣಿಗೆಯ ಸುದ್ದಿಗೂ ಈ ಪಟ್ಟಿಯ ಸುದ್ದಿಗೂ ತಾಳೆಯಾಗದಿರಲು ಇದೂ ಒಂದು ಕಾರಣ.

2020ರಲ್ಲೂ ಇದೇ ಗದ್ದಲ

ಇಂಥ ಗೊಂದಲ ಮೊದಲನೆಯದೇನಲ್ಲ. 2020ರ ಅಕ್ಟೋಬರ್‌ನಲ್ಲಿ ಐಎಂಎಫ್ ಮಾಡಿದ ಅಂದಾಜಿನ ಪ್ರಕಾರ ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877. ಹನ್ನೊಂದು ಡಾಲರ್‌ಗಳ ಈ ವ್ಯತ್ಯಾಸ ನಮ್ಮಲ್ಲಿ ರಾಜಕೀಯ ವಾಗ್ವಾದಕ್ಕೆ ಸಾಕಾಯಿತು. ಅದು ಕೋವಿಡ್ ಲಾಕ್‌ಡೌನ್‌ನಿಂದ ಭಾರತದ ಆರ್ಥಿಕತೆ ಕುಸಿದಿದ್ದ ವರ್ಷ, ಬಳಸಿದ್ದು ಮಾರುಕಟ್ಟೆಯ ವಿನಿಮಯ ದರ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಭಾರತವೇ ಮುಂದಿತ್ತು. ಮರುವರ್ಷಗಳಲ್ಲಿ ನಮ್ಮ ಆರ್ಥಿಕತೆ ಚೇತರಿಸಿಕೊಂಡಿತು, 2022ರ ನಂತರ ಬಾಂಗ್ಲಾದೇಶದ ನಾಣ್ಯ ಟಾಕಾದ ಮೌಲ್ಯ ಕುಸಿಯಿತು, ಡಾಲರ್ ಲೆಕ್ಕದಲ್ಲೂ ಭಾರತ ಮತ್ತೆ ಮುಂದೆ ಬಂತು.

ಆ ಚರ್ಚೆಯಲ್ಲಿ ಕಳೆದುಹೋದ ಸಂಗತಿ ಒಂದಿತ್ತು. ಆದಾಯದಲ್ಲಿ ಬಾಂಗ್ಲಾದೇಶ ಭಾರತಕ್ಕೆ ಸಮೀಪ ಬಂದದ್ದು ಇತ್ತೀಚೆಗೆ. ಜೀವಿತಾವಧಿಯಲ್ಲಿ, ಶಿಶುಗಳನ್ನು ಉಳಿಸಿಕೊಳ್ಳುವುದರಲ್ಲಿ ಅದು ನಮ್ಮನ್ನು ದಾಟಿದ್ದು ಅದಕ್ಕಿಂತ ಬಹಳ ಮೊದಲು. ಹಣ ಬಂದ ಮೇಲೆ ಆರೋಗ್ಯ ಸುಧಾರಿಸಿತು ಎಂಬ ವಿವರಣೆ ಇಲ್ಲಿ ಹೊಂದುವುದಿಲ್ಲ.

ಕಡಿಮೆ ಹಣದಲ್ಲಿ ಹೆಚ್ಚು ಆಯಸ್ಸು

ಹಾಗಾದರೆ ಯಾವುದು ಹೊಂದುತ್ತದೆ? ಉತ್ತರಕ್ಕಾಗಿ 1970 ಮತ್ತು 80ರ ದಶಕಗಳ ಬಾಂಗ್ಲಾದೇಶದ ಹಳ್ಳಿಗಳನ್ನು ನೋಡಬೇಕು.

ಆಗ ಅಲ್ಲಿ ಮಕ್ಕಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದ ಕಾಯಿಲೆಗಳಲ್ಲಿ ವಾಂತಿ-ಭೇದಿ ಒಂದು. ಉಪ್ಪು, ಸಕ್ಕರೆ ಬೆರೆಸಿದ ನೀರು ಕುಡಿಸಿದರೆ ರೋಗಿ ಬದುಕುತ್ತಾನೆ ಎಂಬುದು ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ 1960ರ ದಶಕದ ಕೊನೆಗೆ ಖಚಿತವಾಗಿತ್ತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬೀಸ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವಿರಾರು ಜನರನ್ನು ಉಳಿಸಿದರು. ಮದ್ದು ಗೊತ್ತಿತ್ತು, ಅದನ್ನು ಪ್ರತಿ ಮನೆಗೆ ಮುಟ್ಟಿಸುವುದು ಹೇಗೆ ಎಂಬುದಷ್ಟೇ ಉಳಿದಿದ್ದ ಪ್ರಶ್ನೆ.

ಫಜಲೆ ಹಸನ್ ಅಬೇದ್ 1972ರಲ್ಲಿ ಕಟ್ಟಿದ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ ಅದಕ್ಕೆ ದಾರಿ ಕಂಡುಕೊಂಡಿತು. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸುವುದನ್ನು ತಾಯಂದಿರಿಗೆ ಕಲಿಸಿದರು. ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋದರು. ಕಾರ್ಯಕರ್ತೆಯ ಸಂಬಳ ನಿರ್ಧಾರವಾಗುತ್ತಿದ್ದುದು ಆಕೆ ಎಷ್ಟು ಮನೆಗೆ ಹೋದಳು ಎಂಬುದರ ಮೇಲಲ್ಲ. ಸ್ವಲ್ಪ ದಿನ ಬಿಟ್ಟು ಮೇಲ್ವಿಚಾರಕರು ಕೆಲವು ಮನೆಗಳನ್ನು ಆರಿಸಿ, ಆ ತಾಯಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ಸರಿಯಾಗಿ ಹೇಳುತ್ತಾಳೋ ಅದಕ್ಕೆ ತಕ್ಕಂತೆ ಕಾರ್ಯಕರ್ತೆಗೆ ಹಣ. ಸರ್ಕಾರಿ ಯೋಜನೆಗಳ ಪ್ರಗತಿಯನ್ನು ಖರ್ಚಾದ ಮೊತ್ತದಲ್ಲೇ ಅಳೆಯುವ ನಮ್ಮ ಇಲಾಖೆಗಳು ಇವತ್ತಿಗೂ ಕಲಿಯಬೇಕಾದ ಪಾಠ ಇದು ಎಂದೇ ನನ್ನ ಅಭಿಪ್ರಾಯ.

ಕುಟುಂಬ ಯೋಜನೆಯೂ ಹೀಗೆಯೇ ಬಾಗಿಲಿಗೆ ಬಂತು. 1970ರ ದಶಕದ ನಡುವೆ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳಾಗುತ್ತಿದ್ದವು. ಪರ್ದಾ ಪದ್ಧತಿಯಿಂದಾಗಿ ಹೆಂಗಸರು ಆಸ್ಪತ್ರೆಗೆ ಬರುವುದು ಕಷ್ಟವಾಗಿದ್ದ ಊರುಗಳಲ್ಲಿ, ಅದೇ ಊರಿನ ಓದಿದ ಹೆಣ್ಣುಮಕ್ಕಳನ್ನು ಸರ್ಕಾರ ನೇಮಿಸಿಕೊಂಡಿತು. ಅವರು ಗರ್ಭನಿರೋಧಕ ಮಾತ್ರೆಗಳನ್ನು ಮನೆಗೇ ತಂದುಕೊಟ್ಟರು. 2011ರ ಸಮೀಕ್ಷೆಯ ಹೊತ್ತಿಗೆ ಸರಾಸರಿ ಮಕ್ಕಳ ಸಂಖ್ಯೆ 2.3ಕ್ಕೆ ಇಳಿದಿತ್ತು. ಭಾರತವೂ ಈಗ 2ಕ್ಕೆ ಬಂದಿದೆ, ಆದರೆ ಬೇರೆ ದಾರಿಯಲ್ಲಿ. ತುರ್ತು ಪರಿಸ್ಥಿತಿಯ ಬಲವಂತದ ಶಸ್ತ್ರಚಿಕಿತ್ಸೆಗಳ ನೆನಪು ಇನ್ನೂ ಮಾಸಿಲ್ಲ. ಇಂದಿಗೂ ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಹೆಚ್ಚಾಗಿ ಹೆಂಗಸಿನ ಆಪರೇಷನ್. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ಅದಕ್ಕೆ ಒಳಗಾಗಿದ್ದಾರೆ. ಬಾಂಗ್ಲಾದೇಶದಲ್ಲಿ ಮಾತ್ರೆಯೇ ಮುಖ್ಯ ವಿಧಾನ. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದು ಬಹುಮಟ್ಟಿಗೆ ಆಕೆಯ ಕೈಯಲ್ಲಿರುತ್ತದೆ.

ಇದಕ್ಕೆ ಇನ್ನೆರಡು ಸೇರಿದವು. 1982ರ ರಾಷ್ಟ್ರೀಯ ಔಷಧ ನೀತಿ ಅನಗತ್ಯ ಔಷಧಗಳನ್ನು ಮಾರುಕಟ್ಟೆಯಿಂದ ತೆಗೆದು, ಅಗತ್ಯ ಔಷಧಗಳನ್ನು ದೇಶದಲ್ಲೇ ಅಗ್ಗವಾಗಿ ತಯಾರಿಸಲು ದಾರಿ ಮಾಡಿತು. ಗೊನೊಶಾಸ್ಥ್ಯ ಕೇಂದ್ರ ಎಂಬ ಜನಾರೋಗ್ಯ ಸಂಸ್ಥೆ ಕಟ್ಟಿದ ಡಾ. ಜಫ್ರುಲ್ಲಾ ಚೌಧುರಿ ಅದರ ಹಿಂದಿನ ಮುಖ್ಯ ಶಕ್ತಿ. 1994ರಲ್ಲಿ ಗ್ರಾಮೀಣ ಪ್ರೌಢಶಾಲೆಗಳ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ವಿದ್ಯಾರ್ಥಿವೇತನ ಬಂತು. ಶೇ 75 ಹಾಜರಿ, ಪರೀಕ್ಷೆಯಲ್ಲಿ ಶೇ 45 ಅಂಕ, ಜೊತೆಗೆ ಮದುವೆಯಾಗಿರಬಾರದು ಎಂಬ ಷರತ್ತು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಸಂಖ್ಯೆ ಗಂಡುಮಕ್ಕಳಿಗೆ ಸಮನಾಗಿ, ಮುಂದೆ ಅದನ್ನು ದಾಟಿತು. ಓದು ಬಲ್ಲ ತಾಯಿಗೆ ಲಸಿಕೆಯ ಚೀಟಿ ಅರ್ಥವಾಗುತ್ತದೆ, ಮಗುವಿನ ಜ್ವರಕ್ಕೆ ಯಾವಾಗ ವೈದ್ಯರನ್ನು ಕಾಣಬೇಕು ಎಂಬುದು ತಿಳಿಯುತ್ತದೆ. ಒಂದು ತಲೆಮಾರಿನಲ್ಲಿ ಶಾಲೆಗೆ ಹಾಕಿದ ದುಡ್ಡು ಮುಂದಿನ ತಲೆಮಾರಿನ ಶಿಶುಮರಣದ ಅಂಕಿಯಲ್ಲಿ ಕಾಣಿಸಿಕೊಂಡಿತು.

ಶೌಚಾಲಯದ ಪ್ರಶ್ನೆ

ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳ ಪ್ರಮಾಣವನ್ನು ನೋಡಿದರೆ ಎರಡು ದೇಶಗಳ ಅಂತರ ಇನ್ನೂ ಸ್ಪಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ಶೇ 35.5ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. 2022ರ ಅಲ್ಲಿನ ಸಮೀಕ್ಷೆಯಲ್ಲಿ ಬಾಂಗ್ಲಾದೇಶದ ಅಂಕಿ ಶೇ 24. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು ಇಲ್ಲಿ ಶೇ 19.3, ಅಲ್ಲಿ ಶೇ 11.

ಅನ್ನದ ಕೊರತೆಯೊಂದೇ ಇದನ್ನು ವಿವರಿಸುವುದಿಲ್ಲ. ಮಲದ ಮೂಲಕ ಹರಡುವ ರೋಗಾಣುಗಳು ಮಗುವಿನ ಕರುಳನ್ನು ಮತ್ತೆ ಮತ್ತೆ ಘಾಸಿಗೊಳಿಸಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬಾಂಗ್ಲಾದೇಶದಲ್ಲಿ 1990ರಲ್ಲಿ ಮೂರನೇ ಒಂದರಷ್ಟು ಜನ ಬಯಲಿಗೆ ಹೋಗುತ್ತಿದ್ದರು. 2015ರ ಹೊತ್ತಿಗೆ ಅದು ಶೇ 1ರ ಆಸುಪಾಸಿಗೆ ಇಳಿಯಿತು. 2011ರ ಜನಗಣತಿಯಲ್ಲಿ ಭಾರತದ ಅರ್ಧದಷ್ಟು ಮನೆಗಳವರಿಗೆ ಬಯಲೇ ಗತಿಯಾಗಿತ್ತು.

ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ತಡವಾಯಿತು ಎಂಬುದಕ್ಕೆ ಸಿಗುವ ಉತ್ತರ ಅಹಿತಕರ, ಆದರೂ ಹೇಳಲೇಬೇಕು. ಅಲ್ಲಿ ಕಟ್ಟಿದ್ದು ಹೆಚ್ಚಾಗಿ ಸರಳ, ಅಗ್ಗದ ಗುಂಡಿ ಶೌಚಾಲಯಗಳನ್ನು. ಗುಂಡಿ ತುಂಬಿದರೆ ಖಾಲಿ ಮಾಡುತ್ತಾರೆ ಅಥವಾ ಇನ್ನೊಂದು ತೋಡುತ್ತಾರೆ. ಉತ್ತರ ಭಾರತದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಡಯಾನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಕಂಡಂತೆ, ನಮ್ಮಲ್ಲಿ ಅಂಥ ಗುಂಡಿ ಯಾರಿಗೂ ಬೇಡವಾಗಿತ್ತು. ಅದನ್ನು ಬರಿದು ಮಾಡುವ ಕೆಲಸ ಯಾವ ಜಾತಿಯವರದು ಎಂಬ ಶತಮಾನಗಳ ಕಟ್ಟಳೆ ಮನಸ್ಸಿನಲ್ಲಿ ಕೂತಿತ್ತು. ಕಟ್ಟಿದರೆ ದಶಕಗಟ್ಟಲೆ ತುಂಬದ ದೊಡ್ಡ ಟ್ಯಾಂಕೇ ಬೇಕು, ಇಲ್ಲವಾದರೆ ಬಯಲೇ ಸರಿ ಎಂಬ ಧೋರಣೆ ಅದರಿಂದ ಬಂತು. 2014ರ ಸ್ವಚ್ಛ ಭಾರತ ಅಭಿಯಾನ ಕೋಟ್ಯಂತರ ಶೌಚಾಲಯ ಕಟ್ಟಿಸಿ ಚಿತ್ರವನ್ನು ಬಹಳಷ್ಟು ಬದಲಿಸಿತು. ಆದರೂ 2019–21ರಲ್ಲಿ ಶೇ 19ರಷ್ಟು ಮನೆಗಳವರು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ. ಹಣ ಗುಂಡಿ ತೋಡಿಸಬಲ್ಲದು. ಅಸ್ಪೃಶ್ಯತೆಯನ್ನು ಕಿತ್ತುಹಾಕುವುದು ಅದರಿಂದಾಗದು.

ಕುಡಿಯುವ ನೀರಿನಲ್ಲಿ ಬಾಂಗ್ಲಾದೇಶ ದೊಡ್ಡ ಪೆಟ್ಟು ತಿಂದಿತು ಎಂಬುದನ್ನೂ ಸೇರಿಸಬೇಕು. ಭೇದಿ ತಪ್ಪಿಸಲೆಂದು ಕೆರೆ-ಹೊಂಡಗಳ ಬದಲು ಊರೂರಿಗೆ ಕೊಳವೆಬಾವಿ ಹಾಕಿಸಿದರು. 1990ರ ದಶಕದಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಇರುವುದು ಬಯಲಾಯಿತು. ಕೋಟ್ಯಂತರ ಜನ ನಿಧಾನವಿಷ ಕುಡಿಯುತ್ತಿದ್ದರು. ಆ ಸಂಕಟ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಗಾರ್ಮೆಂಟ್ಸ್ ತಂದ ಸಂಬಳ

ಆರೋಗ್ಯದ ಜೊತೆಗೆ ಕೈಗೆ ಸಂಬಳವೂ ಬಂತು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ದಕ್ಷಿಣ ಕೊರಿಯಾದ ದೇವೂ ಕಂಪನಿಯ ಜೊತೆಗಿನ ಒಪ್ಪಂದದಂತೆ 130 ಮಂದಿಯನ್ನು ತರಬೇತಿಗೆ ಕೊರಿಯಾಕ್ಕೆ ಕಳಿಸಿತು. ಮರಳಿ ಬಂದವರಲ್ಲಿ ಅನೇಕರು ಮುಂದೆ ಸ್ವಂತ ಕಾರ್ಖಾನೆ ತೆರೆದರು. ರಫ್ತಿಗಾಗಿ ತರಿಸುವ ಬಟ್ಟೆಗೆ ಸುಂಕ ಕಟ್ಟಬೇಕಿಲ್ಲ, ವಿದೇಶಿ ಖರೀದಿದಾರನ ಆರ್ಡರ್ ತೋರಿಸಿ ಬ್ಯಾಂಕಿನಿಂದ ಸಾಲಪತ್ರ (ಹಣ ಪಾವತಿಗೆ ಬ್ಯಾಂಕಿನ ಭರವಸೆ) ಪಡೆಯಬಹುದು ಎಂಬ ಎರಡು ಸಣ್ಣ ನಿಯಮಗಳು ಬಂಡವಾಳವಿಲ್ಲದವರಿಗೂ ದಾರಿ ತೆರೆದವು. 2001ರಿಂದ ಐರೋಪ್ಯ ಒಕ್ಕೂಟ ಅತಿ ಹಿಂದುಳಿದ ದೇಶಗಳಿಗೆ ಸುಂಕರಹಿತ ಪ್ರವೇಶ ಕೊಟ್ಟಿತು. ಇಂದು ಅಲ್ಲಿನ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಸಿದ್ಧ ಉಡುಪು, ಅದರಲ್ಲಿ ದುಡಿಯುವವರು ಸುಮಾರು 40 ಲಕ್ಷ, ಬಹುಪಾಲು ಮಹಿಳೆಯರು.

ಹತ್ತಿ, ನೇಕಾರಿಕೆ, ಬಂದರು ಎಲ್ಲವೂ ಇದ್ದ ಭಾರತ ಇದರಲ್ಲಿ ಹಿಂದೆ ಬಿದ್ದದ್ದಕ್ಕೆ ಒಂದು ಮುಖ್ಯ ಕಾರಣ ನಮ್ಮದೇ ನೀತಿ. ಸಿದ್ಧ ಉಡುಪಿನ ತಯಾರಿಕೆ 2000ದ ಸುಮಾರಿನವರೆಗೂ ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತು. ಸಾವಿರಾರು ಹೊಲಿಗೆ ಯಂತ್ರಗಳ ದೊಡ್ಡ ಕಾರ್ಖಾನೆಗೆ ಅವಕಾಶವೇ ಕಡಿಮೆ. ಅಮೆರಿಕ, ಯುರೋಪಿನ ದೊಡ್ಡ ಖರೀದಿದಾರರು ಬೇಡಿದ ಪ್ರಮಾಣ ಒದಗಿಸಲಾಗದೆ ಆರ್ಡರ್‌ಗಳು ಢಾಕಾ, ಚಿತ್ತಗಾಂಗ್ ಕಡೆಗೆ ಹೋದವು. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯಿಂದ ರಾಮನಗರ, ಮಂಡ್ಯದವರೆಗೆ ಲಕ್ಷಾಂತರ ಹೆಣ್ಣುಮಕ್ಕಳು ಇದೇ ಕೆಲಸ ಮಾಡುತ್ತಾರೆ. ಸಣ್ಣ ಊರುಗಳಿಂದ ಬೆಳಗಿನ ಬಸ್ಸು ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವ ಅವರ ಸಂಬಳ ಮನೆಯೊಳಗೆ ಏನನ್ನು ಬದಲಿಸಿದೆ ಎಂಬುದು ಹಳೆ ಮೈಸೂರು ಭಾಗದವರಿಗೆ ಗೊತ್ತು. ಆ ಬದಲಾವಣೆ ಬಾಂಗ್ಲಾದೇಶದಲ್ಲಿ ಇಡೀ ದೇಶದ ಮಟ್ಟದಲ್ಲಿ ಆಯಿತು. ಕೆಲಸ ಸಿಗುತ್ತದೆಂದು ಹೆಣ್ಣುಮಕ್ಕಳನ್ನು ಓದಿಸಿದರು, ಮದುವೆ ಸ್ವಲ್ಪ ತಡವಾಯಿತು, ಮಕ್ಕಳ ಸಂಖ್ಯೆ ಇಳಿಯಿತು.

ಇದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕುಬಿಟ್ಟಿತ್ತು, ಆದರೂ ಕೆಲಸಕ್ಕೆ ಕರೆಸಿದ್ದರು. 2023ರ ಕೊನೆಯಲ್ಲಿ ಕನಿಷ್ಠ ವೇತನವನ್ನು ತಿಂಗಳಿಗೆ 12,500 ಟಾಕಾಗೆ ಏರಿಸಿದಾಗ ಕಾರ್ಮಿಕ ಸಂಘಟನೆಗಳು ಕೇಳಿದ್ದು 23,000.

ಭಾರತ ಮುಂದಿರುವ ಕಡೆ

ಇಷ್ಟು ಓದಿ ಬಾಂಗ್ಲಾದೇಶವೇ ಎಲ್ಲದರಲ್ಲೂ ಮೇಲು ಎಂದುಕೊಂಡರೆ ಅದು ಇನ್ನೊಂದು ತಪ್ಪಾಗುತ್ತದೆ. 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಅಲ್ಲಿ ಅರ್ಧದಷ್ಟು. ಭಾರತದಲ್ಲಿ ಶೇ 23.3. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ ದೇಶದಲ್ಲೇ ಬಾಲ್ಯವಿವಾಹ ಇಷ್ಟು ಗಟ್ಟಿಯಾಗಿ ಉಳಿದಿರುವುದು ಆ ಯಶಸ್ಸಿನ ಕತೆಯ ದೊಡ್ಡ ಬಿರುಕು.

ಹೆರಿಗೆಯ ವಿಷಯದಲ್ಲಿ ಭಾರತದ ಸಾಧನೆ ನಿಜಕ್ಕೂ ದೊಡ್ಡದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಆಶಾ ಕಾರ್ಯಕರ್ತೆಯರು ಬಂದರು, ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಬೆನ್ನಿಗೇ 108 ಆಂಬುಲೆನ್ಸ್ ಬಂತು. 2005–06ರಲ್ಲಿ ಶೇ 39ರಷ್ಟಿದ್ದ ಆಸ್ಪತ್ರೆ ಹೆರಿಗೆ 2019–21ಕ್ಕೆ ಶೇ 88.6ಕ್ಕೆ ಏರಿತು. ಬಾಂಗ್ಲಾದೇಶದಲ್ಲಿ 2022ರಲ್ಲಿ ಇದು ಶೇ 65. ಅದರಲ್ಲೂ ಖಾಸಗಿ ಆಸ್ಪತ್ರೆಗಳ ಪಾಲು ದೊಡ್ಡದಾದ್ದರಿಂದ ಒಟ್ಟು ಹೆರಿಗೆಗಳಲ್ಲಿ ಶೇ 45 ಸಿಸೇರಿಯನ್. ಪರಿಣಾಮವಾಗಿ ಹೆರಿಗೆಯಲ್ಲಿ ಸಾಯುವ ತಾಯಂದಿರ ಪ್ರಮಾಣ ಅಲ್ಲಿಗಿಂತ ನಮ್ಮಲ್ಲಿ ಕಡಿಮೆ. ಚಿಕಿತ್ಸೆಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದಲೇ ಭರಿಸುವ ಪಾಲು ಭಾರತದಲ್ಲಿ 2021–22ರಲ್ಲಿ ಶೇ 39.4ಕ್ಕೆ ಇಳಿದಿತ್ತು, ಅಲ್ಲಿ ಅದು ಮೂರನೇ ಎರಡು ಭಾಗಕ್ಕಿಂತ ಹೆಚ್ಚು.

ಆಸ್ತಿ, ಅಡುಗೆ ಇಂಧನ, ವಸತಿ, ಶಾಲೆ, ಪೋಷಣೆ ಎಲ್ಲವನ್ನೂ ಸೇರಿಸಿ ಅಳೆಯುವ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಭಾರತದ ಬಡವರು ಶೇ 16.4, ಬಾಂಗ್ಲಾದೇಶದವರು ಶೇ 24ರ ಆಸುಪಾಸು. ಅದೇ ವಿಶ್ವಸಂಸ್ಥೆಯ ಕಾರ್ಯಕ್ರಮ ಪ್ರಕಟಿಸುವ ಎರಡು ಸೂಚ್ಯಂಕಗಳು ಎರಡು ಮಾತು ಹೇಳುತ್ತಿವೆಯಲ್ಲ ಎಂದು ಕೇಳಬಹುದು. ಒಂದು ಎಷ್ಟು ಕಾಲ ಬದುಕುತ್ತೀರಿ ಎಂದು ಕೇಳುತ್ತದೆ, ಇನ್ನೊಂದು ಮನೆಯಲ್ಲಿ ಏನಿದೆ ಎಂದು ಎಣಿಸುತ್ತದೆ. ಮನೆಮನೆ ಭೇಟಿಯಿಂದ ಆಯಸ್ಸು ಹೆಚ್ಚಬಹುದು. ಗ್ಯಾಸ್ ಸಿಲಿಂಡರ್, ಪಕ್ಕಾ ಮನೆ, ಹೆರಿಗೆ ಆಸ್ಪತ್ರೆಗೆ ಸರ್ಕಾರದ ಬೊಕ್ಕಸ ಬೇಕು. ಬಾಂಗ್ಲಾದೇಶ ಮೊದಲನೆಯದನ್ನು ಅಗ್ಗದಲ್ಲಿ ಗೆದ್ದಿತು. ಎರಡನೆಯದಕ್ಕೆ ಬೇಕಾದ ತೆರಿಗೆ ಆದಾಯ ಅದರ ಬಳಿ ಇರಲಿಲ್ಲ, ಇಂದಿಗೂ ಇಲ್ಲ. ಭಾರತ ಎರಡನೆಯದಕ್ಕೆ ಹಣ ಹಾಕಿತು, ಮೊದಲನೆಯದನ್ನು ಅರೆಬರೆ ಮಾಡಿತು.

ಅರ್ಥಶಾಸ್ತ್ರಜ್ಞರ ಜಗಳ

2013ರ ಸುಮಾರಿಗೆ ಈ ಹೋಲಿಕೆ ಅರ್ಥಶಾಸ್ತ್ರಜ್ಞರನ್ನೇ ಎರಡು ಪಾಳೆಯ ಮಾಡಿತ್ತು. ಭಾರತ ವೇಗವಾಗಿ ಬೆಳೆದೂ ಆರೋಗ್ಯ, ಶಿಕ್ಷಣದಲ್ಲಿ ಬಾಂಗ್ಲಾದೇಶಕ್ಕಿಂತ ಹಿಂದುಳಿದದ್ದನ್ನು ಅಮರ್ತ್ಯ ಸೇನ್ ಮತ್ತು ಜೀನ್ ಡ್ರೇಜ್ ಎತ್ತಿ ತೋರಿಸಿದರು. ಬೆಳವಣಿಗೆಯ ಫಲ ತಾನಾಗಿ ಕೆಳಗಿಳಿಯುವುದಿಲ್ಲ, ಸಾರ್ವಜನಿಕ ಸೇವೆಗಳಿಗೆ ಮೊದಲೇ ಹಣ ಹಾಕಬೇಕು ಎಂಬುದು ಅವರ ವಾದ. ಜಗದೀಶ್ ಭಗವತಿ ಮತ್ತು ಅರವಿಂದ್ ಪನಗಾರಿಯಾ ಇದನ್ನು ಒಪ್ಪಲಿಲ್ಲ. ಬೆಳವಣಿಗೆಯಿಲ್ಲದೆ ಸರ್ಕಾರಕ್ಕೆ ತೆರಿಗೆ ಬಾರದು, ತೆರಿಗೆಯಿಲ್ಲದೆ ಸೇವೆಗಳಿಲ್ಲ, ಹಾಗಾಗಿ ಸುಧಾರಣೆ ಮತ್ತು ಬೆಳವಣಿಗೆಯೇ ಮೊದಲು ಎಂದರು. ವಂಶವಾಹಿಯಲ್ಲೇ ವ್ಯತ್ಯಾಸವಿರಬಹುದಾದ್ದರಿಂದ ಮಕ್ಕಳ ಎತ್ತರಕ್ಕೆ ಜಗತ್ತಿಗೆಲ್ಲ ಒಂದೇ ಮಾನದಂಡ ಹಾಕುವುದು ಸರಿಯಲ್ಲ ಎಂದೂ ಪನಗಾರಿಯಾ ವಾದಿಸಿದರು.

ಎತ್ತರದ ಬಗೆಗಿನ ಆಕ್ಷೇಪಕ್ಕೆ ಬಾಂಗ್ಲಾದೇಶದ ಅನುಭವವೇ ಉತ್ತರ ಕೊಡುತ್ತದೆ. ನಮ್ಮಂತೆಯೇ ಇರುವ ಆ ಜನರಲ್ಲಿ ಕುಂಠಿತ ಬೆಳವಣಿಗೆ ಕೆಲವೇ ದಶಕಗಳಲ್ಲಿ ಅರ್ಧಕ್ಕೂ ಕೆಳಗೆ ಇಳಿದಿದೆ. ಅಷ್ಟರಲ್ಲಿ ವಂಶವಾಹಿ ಬದಲಾಗುವುದಿಲ್ಲ. ಹಣದ ಬಗೆಗಿನ ವಾದದಲ್ಲಿ ಮಾತ್ರ ಭಗವತಿ ಪಾಳೆಯಕ್ಕೆ ತೂಕವಿದೆ ಎಂಬುದನ್ನು ಹೆರಿಗೆ ಆಸ್ಪತ್ರೆಗಳ ಅಂಕಿಗಳೇ ಹೇಳುತ್ತವೆ. ಬಾಂಗ್ಲಾದೇಶದ ಪರಿಸ್ಥಿತಿ ಅನುಕೂಲಕರವಾಗಿತ್ತು ಎಂಬ ಮಾತಿನಲ್ಲೂ ಸತ್ಯವಿದೆ. ಹೆಚ್ಚುಕಡಿಮೆ ಒಂದೇ ಭಾಷೆ, ಸಮತಟ್ಟು ನೆಲ, ಒತ್ತೊತ್ತಾಗಿ ಕೂತ ಊರುಗಳು. ಒಬ್ಬ ಕಾರ್ಯಕರ್ತೆ ಒಂದು ದಿನದಲ್ಲಿ ಅಲ್ಲಿ ಮುಟ್ಟುವಷ್ಟು ಮನೆಗಳನ್ನು ಬಸ್ತರ್‌ನಲ್ಲೋ ಮಲೆನಾಡಿನಲ್ಲೋ ಮುಟ್ಟಲಾರಳು.

ಸೂಚ್ಯಂಕಕ್ಕೆ ಸಿಗದ್ದು

ಅಂಕಿಗಳ ಮೇಲಿನ ಅನುಮಾನವನ್ನೂ ಪರಿಗಣಿಸಬೇಕು. ಜೀವಿತಾವಧಿಗೆ ಬಳಸಿದ 74.7 ವಿಶ್ವಸಂಸ್ಥೆಯ ಅಂದಾಜು. ಬಾಂಗ್ಲಾದೇಶದ ಅಂಕಿ-ಅಂಶ ಇಲಾಖೆಯೇ 2023ಕ್ಕೆ ಕೊಟ್ಟದ್ದು 72.3. ಭಾರತದ ಮಾದರಿ ನೋಂದಣಿ ಸಮೀಕ್ಷೆಯ 2017–21ರ ಅಂಕಿಯೂ ಕಡಿಮೆಯೇ, 69.8. ಎರಡೂ ಕಡೆ ಇಳಿದರೂ ಅಂತರ ಎರಡೂವರೆ ವರ್ಷದಷ್ಟೇ ಉಳಿಯುತ್ತದೆ. ಆರ್ಥಿಕ ಅಂಕಿಗಳ ಕತೆ ಬೇರೆ. 2024ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬಾಂಗ್ಲಾದೇಶ ಬ್ಯಾಂಕ್ ಲೆಕ್ಕ ಸರಿಪಡಿಸಿದಾಗ ರಫ್ತಿನ ಅಂಕಿ 1,000 ಕೋಟಿ ಡಾಲರ್‌ಗೂ ಹೆಚ್ಚು ಉಬ್ಬಿದ್ದುದು ಗೊತ್ತಾಯಿತು. ಅದೇ ವರ್ಷದ ಕೊನೆಯಲ್ಲಿ ದೇಬಪ್ರಿಯ ಭಟ್ಟಾಚಾರ್ಯ ನೇತೃತ್ವದ ಸಮಿತಿ ಸಲ್ಲಿಸಿದ ಶ್ವೇತಪತ್ರ, ಪ್ರಧಾನಿಯಾಗಿದ್ದ ಶೇಖ್ ಹಸೀನಾ ಅವರ ಸರ್ಕಾರದ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 1,600 ಕೋಟಿ ಡಾಲರ್ ದೇಶದಿಂದ ಅಕ್ರಮವಾಗಿ ಹೊರಹೋಗಿದೆ ಎಂದಿತು.

ಮತ್ತೆ, ಬದುಕಿನ ಗುಣಮಟ್ಟ ಆಯಸ್ಸು ಮತ್ತು ಆದಾಯಕ್ಕೆ ಮುಗಿಯುವುದಿಲ್ಲ. 2024ರ ಜುಲೈನಲ್ಲಿ ಬಾಂಗ್ಲಾದೇಶದ ವಿದ್ಯಾರ್ಥಿಗಳು ಬೀದಿಗಿಳಿದದ್ದು ಸರ್ಕಾರಿ ನೌಕರಿಯ ಶೇ 30 ಮೀಸಲಾತಿಯ ವಿರುದ್ಧ. ವಿಮೋಚನಾ ಹೋರಾಟಗಾರರ ಕುಟುಂಬದವರಿಗಿದ್ದ ಮೀಸಲು ಅದು. ಗುಂಡಿನ ದಾಳಿ ಮತ್ತು ಹಿಂಸಾಚಾರದಲ್ಲಿ 1,400ರವರೆಗೆ ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿತು. ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ತೊರೆದು ಭಾರತಕ್ಕೆ ಬಂದರು. ಶಾಲೆ-ಕಾಲೇಜು ಮುಗಿಸಿದ ತಲೆಮಾರಿಗೆ ಹೊಲಿಗೆ ಕಾರ್ಖಾನೆಯಾಚೆ ಕೆಲಸ ಕಾಣದಿದ್ದದ್ದು, ಸರಿಯಾದ ಚುನಾವಣೆಯಿಲ್ಲದೆ ದನಿ ಎತ್ತಲು ಬೀದಿಯೊಂದೇ ಉಳಿದದ್ದು, ಇವು ಯಾವುವೂ ಸೂಚ್ಯಂಕದ ಏರುಗತಿಯಲ್ಲಿ ಕಂಡಿರಲಿಲ್ಲ. ಭಾರತ ಇದನ್ನು ಪಕ್ಕದ ಮನೆಯ ಸಮಸ್ಯೆ ಎಂದು ಬಿಡುವಂತಿಲ್ಲ. 2022ರಲ್ಲಿ ನಮ್ಮ ಪದವೀಧರ ಯುವಜನರ ನಿರುದ್ಯೋಗ ಶೇ 29.1 ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿ ಹೇಳಿದೆ.

ಯಾವ ಭಾರತವನ್ನು ಹೋಲಿಸುತ್ತೇವೆ?

ಅಸಮಾನತೆಯ ಕಾರಣಕ್ಕೆ ಭಾರತದ ಅಂಕದಲ್ಲಿ ಶೇ 30.7ರಷ್ಟು ಕಡಿತವಾಗುತ್ತದೆ ಎಂದು ಅದೇ 2025ರ ವರದಿ ಹೇಳುತ್ತದೆ. ಇದರ ಅರ್ಥ ರಾಜ್ಯಗಳ ಅಂಕಿಗಳಲ್ಲಿ ಸ್ಪಷ್ಟವಾಗುತ್ತದೆ. ಸಾವಿರ ಜೀವಂತ ಜನನಗಳಿಗೆ ಸಾಯುವ ಶಿಶುಗಳ ಸಂಖ್ಯೆ 2023ರಲ್ಲಿ ದೇಶದ ಸರಾಸರಿಯಾಗಿ 25; ಕೇರಳದಲ್ಲಿ 5, ಮಧ್ಯಪ್ರದೇಶ ಮತ್ತು ಉತ್ತರಪ್ರದೇಶಗಳಲ್ಲಿ 37. ಬಾಂಗ್ಲಾದೇಶದ 2022ರ ಸಮೀಕ್ಷೆಯಲ್ಲೂ ಸಂಖ್ಯೆ 25. ಅಂದರೆ ಶಿಶುಮರಣದಲ್ಲಿ ಭಾರತ ಈಗ ಅವರನ್ನು ಹಿಡಿದಿದೆ, ಆದರೆ ಈ ಸರಾಸರಿಯೊಳಗೆ ಯುರೋಪಿಗೆ ಹತ್ತಿರವಾದ ರಾಜ್ಯವೂ ಇದೆ, ಬಾಂಗ್ಲಾದೇಶಕ್ಕಿಂತ ಬಹಳ ಹಿಂದಿರುವ ರಾಜ್ಯಗಳೂ ಇವೆ.

ಕರ್ನಾಟಕದ ಸ್ಥಿತಿ ಇಲ್ಲಿ ವಿಶೇಷವಾಗಿ ಚಿಂತೆಗೀಡುಮಾಡುವಂಥದ್ದು. ತಲಾ ಆದಾಯದಲ್ಲಿ ನಾವು ದೇಶದ ಮುಂಚೂಣಿ ರಾಜ್ಯಗಳ ಸಾಲಿನಲ್ಲಿದ್ದೇವೆ, ಬಾಂಗ್ಲಾದೇಶದ ಸರಾಸರಿಗಿಂತ ಎಷ್ಟೋ ಮೇಲಿದ್ದೇವೆ. ಆದರೂ 2019–21ರ ಸಮೀಕ್ಷೆಯಲ್ಲಿ ನಮ್ಮ ಕುಂಠಿತ ಬೆಳವಣಿಗೆಯ ಮಕ್ಕಳು ಶೇ 35.4, ದೇಶದ ಸರಾಸರಿಯಷ್ಟೇ. ಕೇರಳದಲ್ಲಿ ಅದು ಶೇ 23.4, ಅಂದರೆ ಬಾಂಗ್ಲಾದೇಶದ ಮಟ್ಟ. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಈ ಗುಂಪಿಗೆ ಸೇರುತ್ತಾರೆ. 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕುವಾರು ಲೆಕ್ಕ ಹಾಕಿ ಹಿಂದುಳಿದ ಪ್ರದೇಶಗಳನ್ನು ಹೆಸರಿಸಿತ್ತು. ಆಮೇಲೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ, ಅನುದಾನ ಬಂದವು. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಮೊಟ್ಟೆ ಬಂತು. ಇವೆಲ್ಲ ಬೇಕಾದವೇ. ಆದರೆ ಮಗುವಿನ ಎತ್ತರ ಬಹುಮಟ್ಟಿಗೆ ತೀರ್ಮಾನವಾಗುವುದು ಗರ್ಭದಿಂದ ಎರಡನೇ ವರ್ಷದವರೆಗಿನ ಅವಧಿಯಲ್ಲಿ. ಒಂದನೇ ತರಗತಿಗೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಬಸುರಿಯ ಊಟ, ಆಕೆಯ ರಕ್ತಹೀನತೆ, ಮದುವೆಯಾದ ವಯಸ್ಸು, ಗುಳೆ ಹೋದ ಕಡೆ ಮಗುವಿಗೆ ಅಂಗನವಾಡಿ ಸಿಕ್ಕಿತೇ ಎಂಬುದು, ಮನೆಯ ಸುತ್ತಲಿನ ಚರಂಡಿ: ತೀರ್ಮಾನ ಮಾಡುವುದು ಇವು. ಇವನ್ನು ಪ್ರತಿ ಮನೆಯಲ್ಲಿ ವಿಚಾರಿಸಬೇಕಾದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಬಂದು ಧರಣಿ ಕೂರಬೇಕಾಗಿದೆ.

ಮುಂದೆ ಏನಾಗಬಹುದು

ಬಾಂಗ್ಲಾದೇಶವನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ 2026ರ ನವೆಂಬರ್‌ನಲ್ಲಿ ಹೊರತರಲು ವಿಶ್ವಸಂಸ್ಥೆಯ ಮಹಾಸಭೆ 2021ರಲ್ಲಿ ನಿರ್ಧರಿಸಿತು. ಆ ಗೌರವದ ಜೊತೆಗೆ ಸುಂಕ ವಿನಾಯಿತಿಗಳು ಕರಗುತ್ತವೆ. ಐರೋಪ್ಯ ಒಕ್ಕೂಟ ಮೂರು ವರ್ಷ ಹೆಚ್ಚುವರಿ ಕಾಲಾವಕಾಶ ಕೊಟ್ಟಿದೆ. ಒಂದೇ ಉದ್ಯಮವನ್ನು ನೆಚ್ಚಿದ ದೇಶಕ್ಕೆ ಇದು ಸಣ್ಣ ಪರೀಕ್ಷೆಯಲ್ಲ. ಗಾರ್ಮೆಂಟ್ಸ್ ಕೆಲಸ ಕಡಿಮೆಯಾದರೆ ಮೊದಲು ಮನೆಗೆ ಮರಳುವವರು ಹೆಣ್ಣುಮಕ್ಕಳು. ಆಗ ಶಾಲೆ, ಮದುವೆಯ ವಯಸ್ಸು, ಮಕ್ಕಳ ಪೋಷಣೆ ಎಲ್ಲದರ ಮೇಲೂ ಒತ್ತಡ ಬೀಳುತ್ತದೆ. ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣ 2024–25ರಲ್ಲಿ ಸುಮಾರು 3,000 ಕೋಟಿ ಡಾಲರ್‌ಗೆ ಏರಿರುವುದು ಸ್ವಲ್ಪ ಆಸರೆ.

ಆದಾಯದಲ್ಲಿ ಭಾರತ ಮುಂದೆ ಸಾಗುತ್ತಲೇ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಮುಂದಿನ ಪಟ್ಟಿಗಳಲ್ಲಿ ಒಂದೆರಡು ಸ್ಥಾನ ಮೇಲೇರಬಹುದು. ಆದರೆ ಹೆಣ್ಣುಮಕ್ಕಳ ದುಡಿಮೆಯ ಅಂಕಿಯನ್ನು ಸೂಕ್ಷ್ಮವಾಗಿ ನೋಡಬೇಕು. 2017–18ರಲ್ಲಿ ಶೇ 23.3 ಇದ್ದ ಮಹಿಳೆಯರ ಪಾಲ್ಗೊಳ್ಳುವಿಕೆ 2023–24ಕ್ಕೆ ಶೇ 41.7 ಆಗಿದೆ. ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರು ಸ್ವಂತ ಉದ್ಯೋಗದಲ್ಲಿ ಅಥವಾ ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು. ತನ್ನ ಹೆಸರಿನ ಖಾತೆಗೆ ತಿಂಗಳ ಸಂಬಳ ಬರುವ ಕೆಲಸಕ್ಕೂ ಗಂಡನ ಹೊಲದಲ್ಲಿ ಕಳೆ ಕೀಳುವುದಕ್ಕೂ ಸಮೀಕ್ಷೆಯ ಹಾಳೆಯಲ್ಲಿ ಒಂದೇ ಗುರುತು ಬೀಳುತ್ತದೆ. ಮನೆಯೊಳಗಿನ ತೀರ್ಮಾನಗಳಲ್ಲಿ ಆಕೆಯ ಮಾತಿಗೆ ಬೆಲೆ ತರುವುದು, ಮಗುವಿನ ತಟ್ಟೆಗೆ ಮೊಟ್ಟೆ ಬೀಳುವಂತೆ ಮಾಡುವುದು ಹೆಚ್ಚಾಗಿ ಮೊದಲನೆಯದೇ. ಸಂಬಳದ ಕೆಲಸ ಬೆಳೆಯದೆ ಬರೀ ಅಂಕಿ ಬೆಳೆದರೆ, ತಲಾ ಆದಾಯ ಎಷ್ಟೇ ಏರಿದರೂ ಯಾದಗಿರಿಯ ಮಕ್ಕಳ ಎತ್ತರ ಅದೇ ವೇಗದಲ್ಲಿ ಏರುವುದಿಲ್ಲ.